ಕ್ಯಾಲಿಬ್ರೇಟ್ ಮಾಡಿದ್ರೂ ಪ್ರಿಂಟ್ ಯಾಕೆ ಕಪ್ಪು?

ಪ್ರಶ್ನೆ: ಸರ್, ದುಡ್ಡು ಸುರಿದು, ಮಾನಿಟರಿನ ಬಣ್ಣ-ಬೆಳಕು ಅಳೆದು ಸರಿಮಾಡುವ ಕ್ಯಾಲಿಬ್ರೇಟರ್ ತಂದೆ. ಆದರೂ ಮದುವೆ ಆಲ್ಬಮ್ ಕಪ್ಪಾಗಿ ಬಂತು. ಲ್ಯಾಬ್ ಬದಲಾಯಿಸಲಾ?
– ಡೊಂಬಿವ್ಲಿಯಿಂದ ಒಬ್ಬರು

ಈ ತಿಂಗಳು ಇದು ನಾಲ್ಕನೇ ಸಲ! ಲ್ಯಾಬ್ ಬದಲಾಯಿಸಬೇಡಿ, ಮಾನಿಟರ್ ಬೆಳಕು ಇಳಿಸಿ.

‘ಕ್ಯಾಲಿಬ್ರೇಟ್ ಆಯ್ತು, ಇನ್ನು ಪ್ರಿಂಟ್ ತಾನಾಗಿ ಸರಿಬರುತ್ತೆ’ ಎಂಬ ನಂಬಿಕೆ ಎಲ್ಲಿಂದ ಬಂತೋ! ಕ್ಯಾಲಿಬ್ರೇಟರ್ ಅಂದರೆ ತಕ್ಕಡಿ. ಎಷ್ಟು ತೂಗಬೇಕು ಅಂತ ಹೇಳುವವರು ನೀವು. 250 ನಿಟ್ (ಸ್ಕ್ರೀನ್ ಹೊಮ್ಮಿಸುವ ಬೆಳಕಿನ ಅಳತೆ) ಬೇಕೆಂದರೆ ಅದು ಶ್ರದ್ಧೆಯಿಂದ 250ಕ್ಕೇ ನಿಲ್ಲಿಸುತ್ತದೆ. ಬ್ರೈಟ್‌ನೆಸ್ ಇದ್ದಂತೇ ಇರಲಿ ಎಂದು ಬಿಟ್ಟರೆ ಮುಟ್ಟುವುದೇ ಇಲ್ಲ. ಬಣ್ಣ ಸರಿ, ಬೆಳಕು ಮಾತ್ರ ಡಬಲ್. ಅಂಥ ಸ್ಕ್ರೀನಿನಲ್ಲಿ ಮುಖ ಬೆಳ್ಳಗೆ ಕಂಡಿತೆಂದು ಎಡಿಟಿಂಗ್‌ನಲ್ಲಿ ಫೋಟೋದ ಬೆಳಕಿನ ಸ್ಲೈಡರ್ ಇಳಿಸುತ್ತೀರಿ. ಫೋಟೋ ಕಪ್ಪಾಗಿದ್ದು ಲ್ಯಾಬ್‌ನಲ್ಲಲ್ಲ, ನಿಮ್ಮ ಟೇಬಲ್ ಮೇಲೆ.

ಕಾಗದಕ್ಕೆ ಸ್ವಂತ ಬೆಳಕಿಲ್ಲ, ಅಲ್ವಾ? 500 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕಿನಲ್ಲಿ ಬಿಳಿ ಕಾಗದ ಸುಮಾರು 140 ನಿಟ್ ಕೊಡುತ್ತದೆ. 300 ಲಕ್ಸ್‌ನಲ್ಲಿ 85ರ ಆಸುಪಾಸು. ಒಂದೇ ಟ್ಯೂಬ್‌ಲೈಟಿನ ಕೋಣೆಯಲ್ಲಿ ಅದೂ ಇರುವುದಿಲ್ಲ.

ಹೀಗೆ ಮಾಡಿ. ಸ್ಕ್ರೀನ್ ತುಂಬ ಖಾಲಿ ಬಿಳಿ ಪುಟ ತೆರೆಯಿರಿ. ಪ್ರಿಂಟ್ ನೋಡುವ ಬೆಳಕಿನಲ್ಲೇ ಪಕ್ಕಕ್ಕೊಂದು ಬಿಳಿ ಹಾಳೆ ಹಿಡಿಯಿರಿ. ಹಾಳೆ ಮಾಸಿದ ಪಂಚೆಯ ಹಾಗೆ ಕಂಡರೆ ಸ್ಕ್ರೀನ್ ಜಾಸ್ತಿ. ಎರಡೂ ಒಂದೇ ಅನ್ನಿಸುವವರೆಗೆ ಇಳಿಸಿ. ಸಾಮಾನ್ಯವಾಗಿ 80ರಿಂದ 120 ನಿಟ್‌ನೊಳಗೆ ಬಂದು ನಿಲ್ಲುತ್ತದೆ. ಕ್ಯಾಲಿಬ್ರೇಟರ್‌ನಲ್ಲೇ ಅಳೆದು, ಆ ಅಂಕಿಯನ್ನೇ ಅದಕ್ಕೆ ಗುರಿಯಾಗಿ ಕೊಡಿ. ಮೊದಲೆರಡು ದಿನ ಸ್ಕ್ರೀನ್ ಮಂಕು ಅನ್ನಿಸುತ್ತದೆ, ಕಣ್ಣು ಹೊಂದಿಕೊಳ್ಳುತ್ತದೆ. ಆಟೋ ಬ್ರೈಟ್‌ನೆಸ್, ನೈಟ್ ಮೋಡ್ ಆಫ್ ಇರಲಿ. ಮೇ ತಿಂಗಳ ಬಿಸಿಲಿನಲ್ಲಿ ಕಿಟಕಿ ತೆರೆದು ಸೆಟ್ ಮಾಡಿದ್ದು ಜುಲೈ ಮಳೆಯ ಕತ್ತಲೆಗೆ ಆಗುವುದಿಲ್ಲ. ಪರದೆ ಎಳೆದು, ಒಂದೇ ದೀಪದಡಿ ಕೆಲಸ ಮಾಡಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ: ಪ್ರಿಂಟ್ ತೂಗುಹಾಕುವುದು ಎಲ್ಲಿ? ಮಾಟುಂಗಾದ ನಮ್ಮ ದೊಡ್ಡಮ್ಮ ‘ಮಗಳ ಮುಖ ಕಪ್ಪು ಮಾಡಿದ್ಯಲ್ಲೋ’ ಎಂದು ಬೈದರು. ಹೋಗಿ ನೋಡಿದರೆ ಫ್ರೇಮ್ ಇದ್ದದ್ದು ಹಳೇ ಬಿಲ್ಡಿಂಗಿನ ಪ್ಯಾಸೇಜ್‌ನಲ್ಲಿ. ಹಗಲಲ್ಲೂ ಚಪ್ಪಲಿ ಹುಡುಕಲು ಲೈಟ್ ಹಾಕಬೇಕು. ಇಳಿಸಿ ಬಾಲ್ಕನಿಗೆ ಒಯ್ದೆ. ‘ಅಯ್ಯೋ, ಎಷ್ಟು ಚೆನ್ನಾಗಿದೆಯಲ್ಲ’ ಎಂದರು. ಹಾಲ್‌ಗೆ ಹಾಕಿ ಅಂದೆ. ಅಲ್ಲಿ ಟಿವಿ ಇದೆಯಂತೆ. ಫೋಟೋ ಈಗಲೂ ಪ್ಯಾಸೇಜ್‌ನಲ್ಲೇ ಇದೆ.