ಸುಂಕದವನು ಮಾತಾಡಬೇಕಾಗಿಲ್ಲ

ವಿಡಿಯೋ ಗೇಮ್‌ಗಳಿಗೆ ಕಥೆ ಬರೆಯುವುದು ನನ್ನ ಕೆಲಸ. ಶಿವಮೊಗ್ಗದಲ್ಲೇ ಕೂತು ಬೇರೆ ಬೇರೆ ಊರಿನ ಸಣ್ಣ ತಂಡಗಳಿಗೆ ಬರೆದುಕೊಡುತ್ತೇನೆ. ಇಲ್ಲಿನ ಎಂಜಿನಿಯರಿಂಗ್ ಹುಡುಗ ಹುಡುಗಿಯರೂ ತಾವು ಮಾಡುತ್ತಿರುವ ಆರ್‌ಪಿಜಿಗಳ, ಎಂದರೆ ಆಟಗಾರನೇ ಒಂದು ಪಾತ್ರವಾಗಿ ಕಥೆಯೊಳಗೆ ಬೆಳೆಯುತ್ತ ಹೋಗುವ ಆಟಗಳ ಕಥೆಯನ್ನು ಓದಿ ನೋಡಿ ಎಂದು ತಂದುಕೊಡುತ್ತಾರೆ. ನಾಯಕನ ವಿಷಯದಲ್ಲಿ ಅವರಿಗೆ ಹೇಳುವುದು ಅಷ್ಟೇನೂ ಇರುವುದಿಲ್ಲ, ಅವನನ್ನು ಆಟಗಾರ ಹೇಗೂ ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತಾನೆ. ನನ್ನ ಕೆಂಪು ಶಾಯಿಯೆಲ್ಲ ಖರ್ಚಾಗುವುದು ಖಳನ ಪುಟಗಳಲ್ಲಿ.

ಈಚೆಗೆ ಸಾಗರದ ಕಡೆಯ ಇಬ್ಬರು ತಂದ ಕಥೆ ಕೆಳದಿ ಅರಸರ ಕಾಲದ್ದು. ಮಲೆನಾಡಿನ ಮೆಣಸು ಹೇರೆತ್ತುಗಳ ಬೆನ್ನೇರಿ ಘಟ್ಟ ಇಳಿದು ಹೊನ್ನಾವರ, ಬಸರೂರುಗಳ ಬಂದರು ಸೇರುತ್ತಿದ್ದ ಕಾಲ. ಆಟಗಾರ ಒಬ್ಬ ಎಳೆ ವ್ಯಾಪಾರಿ. ಮೊದಲ ಅಧ್ಯಾಯದಲ್ಲೇ ತನ್ನ ಮೂಟೆಗಳಿಗೆ ಒಂದು ಗುರುತು ಆರಿಸಿಕೊಳ್ಳುತ್ತಾನೆ: ನವಿಲೋ, ಮೀನೋ, ಶಂಖವೋ. ಖಳ ಯಾರೆಂದರೆ ಘಟ್ಟದ ತಲೆಯಲ್ಲಿರುವ ಸುಂಕದ ಕಟ್ಟೆಯ ಅಧಿಕಾರಿ. ಅವನ ಬಾಯಲ್ಲಿ ಪರದೆಯ ಮೇಲೆ ಪರದೆ ತುಂಬುವಷ್ಟು ಮಾತು. ತಾನೆಷ್ಟು ಕ್ರೂರಿ, ಈ ಘಟ್ಟ ಹೇಗೆ ತನ್ನದು, ತನ್ನನ್ನು ಎದುರು ಹಾಕಿಕೊಂಡವರು ಏನಾದರು, ಎಲ್ಲವನ್ನೂ ಅವನೇ ಹೇಳುತ್ತಾನೆ. ಆಟಗಾರ ಬಟನ್ ಒತ್ತಿ ಒತ್ತಿ ಮುಂದೆ ಓಡಿಸುತ್ತಾನೆ.

ಮಾತೆಲ್ಲ ಹೊಡೆದುಹಾಕಿ ಎಂದೆ.

‘ಮಾತು ತೆಗೆದ್ರೆ ಅವನು ವಿಲನ್ ಅಂತ ಹೆಂಗ್ ಗೊತ್ತಾಗ್ತದೆ ಸಾರ್?’

‘ಮೂಟೆ ಎಣಿಸಿದಾಗ ಗೊತ್ತಾಗ್ತದೆ.’

ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡರೇನು ಬಂತು ಎಂದು ಗಾದೆಯೇ ಇದೆಯಲ್ಲ, ಆ ಗಾದೆಯೇ ಅವನ ಸ್ವಭಾವ. ಹಾಗಾಗಿ ಈಗಿನ ಕರಡಿನಲ್ಲಿ ಅವನು ತಲೆಯೆತ್ತಿ ಕೂಡ ನೋಡುವುದಿಲ್ಲ. ಕಟ್ಟೆ ದಾಟುವಾಗೆಲ್ಲ ಒಂದು ಮೂಟೆ ಇಳಿಯುತ್ತದೆ, ಕಡತದಲ್ಲಿ ಒಂದು ಗೀಟು ಬೀಳುತ್ತದೆ, ಅಷ್ಟೆ. ಆಟದ ನಡುಭಾಗದಲ್ಲಿ ಬೇರೇನೋ ಕೆಲಸಕ್ಕೆಂದು ಆಟಗಾರ ಒಂದು ಉಗ್ರಾಣದೊಳಗೆ ನುಗ್ಗುತ್ತಾನೆ. ಅಲ್ಲಿ ಗೋಡೆಯುದ್ದಕ್ಕೂ ಮೂಟೆಗಳು. ಅವುಗಳ ಮೇಲೆ ತಾನೇ ಆರಿಸಿದ ನವಿಲು. ಎಷ್ಟು ಮೂಟೆ ಕಳೆದುಕೊಂಡಿದ್ದನೋ ಅಷ್ಟೇ ಅಲ್ಲಿವೆ. ಆ ಕೋಣೆಯಲ್ಲಿ ಒಂದು ಸಾಲು ಸಂಭಾಷಣೆಯೂ ಬೇಡ.

ಆರ್‌ಪಿಜಿಯ ಖಳ ಕಾದಂಬರಿಯ ಖಳನಿಗಿಂತ ಬೇರೆಯಾಗುವುದು ಇಲ್ಲಿಯೇ. ಈ ಬಗೆಯ ಆಟವೆಂದರೆ ಕೂಡಿಡುವ ಆಟ. ಲೆವೆಲ್ (ಪಾತ್ರದ ಬಲ ಹೇಳುವ ಅಂಕಿ), ಕತ್ತಿ, ಔಷಧಿ, ಜೊತೆಗಾರರು, ಹಣ ಎಲ್ಲವನ್ನೂ ಆಟಗಾರ ಗಂಟೆಗಟ್ಟಲೆ ಕೂತು ಕೂಡಿಸಿರುತ್ತಾನೆ. ಈ ಗಂಟಿಗೆ ಕೈ ಹಾಕಿದವನೇ ಖಳ. ಊರನ್ನು ಸುಟ್ಟ, ರಾಜನನ್ನು ಕೊಂದ ಎಂದು ಕಥೆಯಲ್ಲಿ ಹೇಳಿದರೆ ಆಟಗಾರನಿಗೆ ಅದು ಯಾರದೋ ಮನೆಯ ಸುದ್ದಿ.

1997ರ ಫೈನಲ್ ಫ್ಯಾಂಟಸಿ ಸೆವೆನ್ ಆಟದ ಖಳ ಸೆಫಿರಾತ್ ಇವತ್ತಿಗೂ ಜನರ ಬಾಯಲ್ಲಿರುವುದು ಅವನ ಉದ್ದನೆಯ ಕತ್ತಿಯಿಂದ, ಬೆಳ್ಳಿ ಕೂದಲಿನಿಂದ ಎಂದು ಹಲವರು ತಿಳಿದಿದ್ದಾರೆ. ನಾನು ಬೇರೆ ಕಡೆ ಬೆರಳು ತೋರಿಸುತ್ತೇನೆ. ಆಟದ ಮೊದಲ ಭಾಗದಲ್ಲಿ ನಾಯಕ ಕ್ಲೌಡ್ ಹಳೆಯ ದಿನಗಳ ಕಥೆ ಹೇಳುತ್ತಾನೆ. ಆ ನೆನಪಿನೊಳಗಿನ ಕಾಳಗದಲ್ಲಿ ಕ್ಲೌಡ್ ಲೆವೆಲ್ 1, ಪಕ್ಕದಲ್ಲಿ ನಿಂತ ಸೆಫಿರಾತ್ ಲೆವೆಲ್ 50. ಅವನನ್ನು ನಾವು ಆಡಿಸಲಾಗುವುದಿಲ್ಲ, ಅವನಾಗಿಯೇ ಕತ್ತಿ ಬೀಸುತ್ತಾನೆ. ಡ್ರ್ಯಾಗನ್ ನಮ್ಮನ್ನು ಒಂದೇ ಏಟಿಗೆ ಮಲಗಿಸುತ್ತದೆ, ಅವನಿಗೆ ಅದರಿಂದ ಗೀರೂ ಆಗುವುದಿಲ್ಲ. ಅಂಕಿಗಳೇ ಪಾತ್ರ ಪರಿಚಯ ಮಾಡಿಸಿಬಿಟ್ಟವು. ಆಮೇಲೆ ಜೌಗು ನೆಲದಲ್ಲೊಂದು ಭಾರಿ ಹಾವು ಬರುತ್ತದೆ. ಅದನ್ನು ಎದುರಿಸುವ ತಾಕತ್ತು ಆ ಹೊತ್ತಿಗೆ ನಮಗಿರುವುದಿಲ್ಲ, ಚೋಕೋಬೋ ಎಂಬ ಹಕ್ಕಿಯ ಬೆನ್ನೇರಿ ತಪ್ಪಿಸಿಕೊಂಡು ಓಡಬೇಕು. ಓಡಿ ಆಚೆ ದಡ ಸೇರಿದರೆ ಅದೇ ಜಾತಿಯ ಹಾವೊಂದು ಮರಕ್ಕೆ ಚುಚ್ಚಿಸಿಕೊಂಡು ಸತ್ತು ನೇತಾಡುತ್ತಿರುತ್ತದೆ. ಕೊಂದವನು ಅಲ್ಲಿಲ್ಲ, ಮುಂದೆ ಹೋಗಿಯಾಗಿದೆ. ಇದಾದ ಮೇಲೆ ಅವನು ನಮ್ಮ ಜೊತೆಗಾರ್ತಿ ಏರಿತ್‌ಳನ್ನು ಕೊಲ್ಲುವಾಗ ಆಟಗಾರ ಕಳೆದುಕೊಳ್ಳುವುದು ಬರೀ ಒಂದು ಪಾತ್ರವನ್ನಲ್ಲ, ಅವಳನ್ನು ಬೆಳೆಸಲು ಸುರಿದ ಸಂಜೆಗಳನ್ನೂ.

ಇದಕ್ಕೆ ತದ್ವಿರುದ್ಧ ಉದಾಹರಣೆ ಅದೇ ಸರಣಿಯಲ್ಲಿದೆ. 2000ದ ಫೈನಲ್ ಫ್ಯಾಂಟಸಿ ನೈನ್ ನನಗೆ ತುಂಬ ಪ್ರೀತಿಯ ಆಟ. ಅದರಲ್ಲಿ ಇಡೀ ಕಥೆ ಹೊತ್ತು ತರುವ ಖಳ ಕುಜಾ. ಅವನನ್ನು ಸೋಲಿಸಿದ ಮೇಲೆ ಅಲ್ಲಿಯವರೆಗೆ ಸುಳಿವೇ ಇಲ್ಲದ ನೆಕ್ರಾನ್ ಎಂಬುದೊಂದು ಎದ್ದು ಬಂದು ಕೊನೆಯ ಕಾಳಗ ಕೊಡುತ್ತದೆ. ಅದರ ಸಮರ್ಥನೆಗೆ ತತ್ವಶಾಸ್ತ್ರ ಬರೆದವರಿದ್ದಾರೆ. ಇರಲಿ. ನನ್ನ ಗಂಟನ್ನು ಮುಟ್ಟದವನ ಮೇಲೆ ನನಗೇಕೆ ಸಿಟ್ಟು ಬರಬೇಕು?

ಸೋಲಲೇಬೇಕಾದ ಕಾಳಗದ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು, ಹೊಸಬರಿಗೆ ಅದರ ಮೇಲೆ ವಿಪರೀತ ಮೋಹ. ಖಳನ ಬಲ ತೋರಿಸಲು ಗೆಲ್ಲಲಾಗದ ಕಾಳಗವೊಂದನ್ನು ಇಡುತ್ತಾರೆ. ಆಟಗಾರನಿಗೆ ಅದು ತಿಳಿಯದು. ಇದ್ದ ಔಷಧಿಯನ್ನೆಲ್ಲ ಕುಡಿಸಿ ಹೋರಾಡಿ ಸೋಲುತ್ತಾನೆ, ಮರುಕ್ಷಣವೇ ಕಥೆ ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತದೆ. ಆಗ ಅವನ ಸಿಟ್ಟು ಖಳನ ಮೇಲಲ್ಲ, ಬರೆದವನ ಮೇಲೆ. ಮಾಡಲೇಬೇಕೆಂದರೆ ಎರಡು ಮೂರು ಸರದಿಯೊಳಗೆ ಮುಗಿಸಿ, ಬಳಸಿದ ಸಾಮಾನನ್ನು ವಾಪಸು ಚೀಲಕ್ಕೆ ಹಾಕಿಬಿಡಿ.

ಇನ್ನು ಪ್ರತಿಸ್ಪರ್ಧಿ. ಇವನು ಖಳನಲ್ಲ, ಮಲೆನಾಡಿನ ತೋಟದ ಮನೆಗಳಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಯೂ ಇಲ್ಲ, ಇವನು ದಾಯಾದಿ. ಒಂದೇ ಮನೆ, ಒಂದೇ ಅಜ್ಜ, ಈಗ ಬೇಲಿಯಾಚೆ. ಅವನ ತೋಟದಲ್ಲಿ ಫಸಲು ಎಷ್ಟು ಬಂತು ಎಂಬುದರ ಮೇಲೆ ನಮ್ಮ ಫಸಲಿನ ಸುಖ ನಿಂತಿರುತ್ತದೆ.

1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪೋಕೆಮಾನ್ ಆಟಗಳು ಈ ದಾಯಾದಿಯನ್ನು ಎಷ್ಟು ಅಗ್ಗದಲ್ಲಿ ಕಟ್ಟಿದವು ನೋಡಿ. ನಮಗೆ ಮೊದಲ ಪ್ರಾಣಿ ಕೊಡುವ ಪ್ರೊಫೆಸರ್ ಓಕ್‌ನ ಮೊಮ್ಮಗ, ನಮ್ಮ ಪಕ್ಕದ ಮನೆಯವನು. ಮೂರು ಪ್ರಾಣಿಗಳಲ್ಲಿ ನಾವು ಒಂದನ್ನು ಆರಿಸಿದ ಮೇಲೆ ಅವನು ಆರಿಸುತ್ತಾನೆ, ಅದೂ ನಮ್ಮದನ್ನು ಮಣಿಸುವಂಥದ್ದನ್ನೇ: ನಾವು ಬೆಂಕಿಯದನ್ನು ತೆಗೆದುಕೊಂಡರೆ ಅವನಿಗೆ ನೀರಿನದು. ಮೊದಲ ಕಾಳಗದಲ್ಲಿ ಸೋತರೂ ಆಟ ನಿಲ್ಲುವುದಿಲ್ಲ. ಹಡಗಿನಲ್ಲಿ, ಗೋಪುರದಲ್ಲಿ, ಕಂಪನಿಯ ಕಟ್ಟಡದಲ್ಲಿ ಅಡ್ಡ ಸಿಗುತ್ತಾನೆ. ನಮ್ಮ ಪ್ರಾಣಿ ಬೆಳೆದಂತೆ ಅವನದೂ ಬೆಳೆದಿರುತ್ತದೆ. ಕೊನೆಗೆ ನಾಲ್ವರು ದಿಗ್ಗಜರನ್ನು ಸೋಲಿಸಿ ಒಳಗೆ ಹೋದರೆ ಚಾಂಪಿಯನ್ ಕುರ್ಚಿಯಲ್ಲಿ ಅವನೇ ಇದ್ದಾನೆ, ನಮಗಿಂತ ಸ್ವಲ್ಪವೇ ಮುಂಚೆ ಬಂದು ಗೆದ್ದಿದ್ದಾನೆ. ಮೈ ಉರಿಯುವುದು ಆ ‘ಸ್ವಲ್ಪ’ಕ್ಕೆ. ಅವನ ಹೆಸರನ್ನು ನಾವೇ ಇಡಬಹುದು ಎಂಬುದು ಇನ್ನೊಂದು ಕಿಡಿಗೇಡಿತನ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಚಿಕ್ಕಪ್ಪನ ಮಗನ ಹೆಸರು ಅಲ್ಲಿ ಹೋಗಿ ಕೂತಿತೋ!

ಎದುರಾಳಿ ನಮ್ಮನ್ನು ನೆನಪಿಡಬೇಕೆಂಬ ಆಸೆ ಎಲ್ಲ ತಂಡಗಳಿಗೂ ಇದೆ. 2014ರ ಶ್ಯಾಡೋ ಆಫ್ ಮಾರ್ಡರ್ ಎಂಬ ಆಟ ಅದನ್ನು ಬಹಳ ದೂರ ಒಯ್ದಿತು. ನಮ್ಮನ್ನು ಕೊಂದ ಸಾಮಾನ್ಯ ಸೈನಿಕನಿಗೆ ಬಡ್ತಿ ಸಿಗುತ್ತದೆ, ಮುಂದಿನ ಸಲ ಎದುರಾದಾಗ ಹಳೆಯದನ್ನು ಎತ್ತಿ ಹಂಗಿಸುತ್ತಾನೆ. ಆ ವ್ಯವಸ್ಥೆಗೆ ವಾರ್ನರ್ ಬ್ರದರ್ಸ್ 2021ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೂಡ ಪಡೆಯಿತು. ಇಬ್ಬರು ಮೂವರ ತಂಡಕ್ಕೆ ಅಷ್ಟು ದೊಡ್ಡ ಯಂತ್ರ ಬೇಕಿಲ್ಲ. ಕಳೆದ ಸಲ ಯಾರು ಗೆದ್ದರು ಎಂಬ ಒಂದೇ ಸಂಗತಿಯನ್ನು ಆಟದ ಸ್ಥಿತಿ ಉಳಿಸಿಡುವ ಸೇವ್ ಫೈಲಿನಲ್ಲಿಟ್ಟು, ಮುಂದಿನ ಭೇಟಿಯಲ್ಲಿ ಒಂದು ಸಾಲು ಬದಲಿಸಿದರೆ ಆಟಗಾರ ನೆಟ್ಟಗೆ ಕೂರುತ್ತಾನೆ.

ಖಳ ಮಾತಾಡಲೇಬಾರದು ಎಂದೇನೂ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ನಮ್ಮಲ್ಲಿ ತಾಳಮದ್ದಲೆ ಕೂರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಗಾರಿಕೆ ಮಾತ್ರ. ಒಳ್ಳೆಯ ಅರ್ಥಧಾರಿ ಕೌರವನ ಪಕ್ಷ ಹಿಡಿದು ವಾದಿಸಿದರೆ ಕೃಷ್ಣನ ಅರ್ಥ ಹೇಳುವವನು ಬೆವರಬೇಕು. ಅಲ್ಲಿ ಮಾತೇ ಆಯುಧ, ಎದುರಿನವನು ಉತ್ತರ ಕೊಡಲೇಬೇಕು, ತಪ್ಪಿದರೆ ಸಭೆಗೆ ಗೊತ್ತಾಗುತ್ತದೆ. 1997ರ ಫಾಲ್ಔಟ್ ಆಟದ ಖಳ ‘ಮಾಸ್ಟರ್’ ಈ ಜಾತಿಯವನು. ಮನುಷ್ಯರನ್ನೆಲ್ಲ ಸೂಪರ್ ಮ್ಯೂಟೆಂಟ್‌ಗಳೆಂಬ ದೈತ್ಯ ಬಲದ ರೂಪಾಂತರಿಗಳಾಗಿ ಮಾರ್ಪಡಿಸಿದರೆ ಜಗಳವೇ ಇಲ್ಲದ ಒಂದೇ ಕುಲ ಉಳಿಯುತ್ತದೆ ಎಂದು ಮನಸಾರೆ ನಂಬಿದವನು. ಆ ಹೊಸ ಕುಲಕ್ಕೆ ಮಕ್ಕಳಾಗುವುದಿಲ್ಲ ಎಂಬ ಪುರಾವೆಯನ್ನು ಆಟಗಾರ ಮೊದಲೇ ಹುಡುಕಿ ಜೊತೆಯಲ್ಲಿ ತಂದಿದ್ದರೆ, ಅದನ್ನು ಮುಂದಿಟ್ಟು ವಾದಿಸಬಹುದು. ಮಾಸ್ಟರ್ ಕೇಳುತ್ತಾನೆ, ತಾನು ಮಾಡಿದ್ದೆಲ್ಲ ವ್ಯರ್ಥವೆಂದು ಅರಿತು ತನ್ನನ್ನೇ ಕೊನೆಗಾಣಿಸಿಕೊಳ್ಳುತ್ತಾನೆ. ಇಲ್ಲಿ ಮಾತನ್ನು ಬಟನ್ ಒತ್ತಿ ಓಡಿಸುವ ಹಾಗಿಲ್ಲ, ಯಾಕೆಂದರೆ ಗೆಲುವು ಅದರೊಳಗೇ ಇದೆ. ನಮ್ಮ ಸುಂಕದವನಿಗೆ ಇಂಥ ದೃಶ್ಯ ಬರೆಯಲು ಹುಡುಗರು ಉಗ್ರಾಣದಲ್ಲೇ ಅವನ ಕಡತವನ್ನೂ ಇಟ್ಟಿದ್ದಾರೆ. ಅರಮನೆಗೆ ಹೋದ ಲೆಕ್ಕಕ್ಕೂ ಆ ಗೀಟುಗಳಿಗೂ ತಾಳೆಯಾಗುವುದಿಲ್ಲ. ಕಡತ ಎತ್ತಿಕೊಂಡವನು ಕತ್ತಿ ಹಿರಿಯದೆಯೇ ಅವನನ್ನು ಇಳಿಸಬಹುದು.

ಅದೇ ಘಟ್ಟದಲ್ಲಿ ಎತ್ತು ಹೊಡೆಯುವ ದಾಯಾದಿಯೊಬ್ಬನೂ ಈಗ ಕಥೆಗೆ ಬಂದಿದ್ದಾನೆ, ಯಾವಾಗಲೂ ಒಂದು ಎತ್ತು ಜಾಸ್ತಿ ಇರುವವನು. ಕೊನೆಗೆ ಅವನನ್ನು ಏನು ಮಾಡುವುದು ಎಂಬುದರಲ್ಲಿ ತಂಡಕ್ಕೆ ಒಮ್ಮತವಿಲ್ಲ. 1995ರ ಕ್ರೋನೋ ಟ್ರಿಗರ್‌ನಲ್ಲಿ ಮೇಗಸ್ ಎಂಬ ಹಳೆಯ ವೈರಿಯನ್ನು ಕಾದಾಡಿ ಮುಗಿಸಬಹುದು, ಕೊಲ್ಲದೆ ಬಿಟ್ಟರೆ ಅವನು ಜೊತೆಗೂ ಸೇರುತ್ತಾನೆ. ನಾನು ಅದನ್ನೇ ಹೇಳಿದ್ದೇನೆ: ಆಯ್ಕೆ ಆಟಗಾರನಿಗೆ ಬಿಡಿ, ಆದರೆ ಪುಕ್ಕಟೆ ಬೇಡ. ದಾಯಾದಿ ಜೊತೆಗೆ ಬಂದರೆ ಅವನ ಎತ್ತುಗಳೂ ಬರುತ್ತವೆ, ಬಂದರಿನಲ್ಲಿ ಸಿಗುವ ಹಣದಲ್ಲಿ ಅರ್ಧ ಪಾಲು ಅವನಿಗೆ ಹೋಗುತ್ತದೆ. ಹುಡುಗರಲ್ಲಿ ಒಬ್ಬ ಒಪ್ಪಿದ್ದಾನೆ. ಇನ್ನೊಬ್ಬ ಅರ್ಧ ಜಾಸ್ತಿಯಾಯಿತು, ಮೂರನೇ ಒಂದು ಪಾಲು ಸಾಕು ಎಂದು ಚೌಕಾಸಿ ಮಾಡುತ್ತಿದ್ದಾನೆ.