ಇಕೋ ಮೋಡ್ ಇಂಧನ ಉಳಿಸುವುದು ಎಲ್ಲಿ?

ಇಕೋ ಬಟನ್ ಒತ್ತಿದೊಡನೆ ಕಾರು ಸ್ವಲ್ಪ ಮಂಕಾದಂತೆ ಅನಿಸುತ್ತದೆ. ಹೆಚ್ಚಿನ ಕಾರುಗಳಲ್ಲಿ ಎಂಜಿನ್‌ನ ಶಕ್ತಿ ಕುಗ್ಗಿರುವುದಿಲ್ಲ, ಪೆಡಲ್‌ನ ಲೆಕ್ಕ ಬದಲಾಗಿರುತ್ತದೆ ಅಷ್ಟೇ.

ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್‌ನಿಂದ ಥ್ರಾಟಲ್‌ಗೆ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ಕೇಬಲ್ ಇರುವುದಿಲ್ಲ. ಪೆಡಲ್ ಎಷ್ಟು ಇಳಿದಿದೆ ಎಂದು ಎರಡು ಸೆನ್ಸರ್‌ಗಳು ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಿಳಿಸುತ್ತವೆ. (ಎರಡೇಕೆ? ಒಂದು ಕೆಟ್ಟರೆ ಎರಡರ ಅಳತೆ ತಾಳೆಯಾಗದೆ ತಪ್ಪು ಗೊತ್ತಾಗಲಿ ಎಂದು.) ಥ್ರಾಟಲ್ ತಿರುಗಿಸುವುದು ಪುಟ್ಟ ಮೋಟಾರು. ಇಕೋದಲ್ಲಿ ಪೆಡಲ್ ಅರ್ಧ ಒತ್ತಿದರೂ ಇಸಿಯು ಅದಕ್ಕಿಂತ ಕಡಿಮೆ ಟಾರ್ಕ್ (ತಿರುಗಿಸುವ ಬಲ) ಕೇಳುತ್ತದೆ. ಪೂರ್ತಿ ಒತ್ತಿದರೆ ಸಾಮಾನ್ಯವಾಗಿ ಪೂರ್ತಿ ಶಕ್ತಿಯೇ ಸಿಗುತ್ತದೆ. ಓವರ್‌ಟೇಕ್ ಮಾಡುವಾಗ ಇದು ನೆನಪಿರಲಿ: ಅರೆಮನಸ್ಸಿನಿಂದ ಒತ್ತಿದರೆ ಕಾರು ತಡವರಿಸುತ್ತದೆ.

ಆಟೊಮ್ಯಾಟಿಕ್ ಕಾರಿನಲ್ಲಿ ಹೆಚ್ಚಿನ ಉಳಿತಾಯ ಬರುವುದು ಗೇರ್‌ನಿಂದ. ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್ ಕೊಂಚವೇ ತೆರೆದಿದ್ದರೆ ಪಿಸ್ಟನ್‌ಗಳು ಆ ಸಣ್ಣ ಸಂದಿಯಿಂದ ಗಾಳಿ ಎಳೆಯಲು ಹೆಣಗಬೇಕು. ಆ ಹೆಣಗಾಟಕ್ಕೂ ಪೆಟ್ರೋಲೇ ಖರ್ಚು. ಅಷ್ಟೇ ಶಕ್ತಿಯನ್ನು 3000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಬದಲು 1800ರಲ್ಲಿ ಪಡೆಯಬೇಕೆಂದರೆ ಥ್ರಾಟಲ್ ಹೆಚ್ಚು ತೆರೆಯಬೇಕಾಗುತ್ತದೆ. ಗಾಳಿ ಸಲೀಸಾಗಿ ಒಳಬರುತ್ತದೆ, ಸುತ್ತು ಕಡಿಮೆಯಾದ್ದರಿಂದ ಘರ್ಷಣೆಯೂ ಇಳಿಯುತ್ತದೆ. ಅದಕ್ಕೇ ಇಕೋದಲ್ಲಿ ಮೇಲಿನ ಗೇರ್ ಬೇಗ ಬೀಳುತ್ತದೆ. ಡೀಸೆಲ್ ಎಂಜಿನ್ ಶಕ್ತಿಯನ್ನು ನಿಯಂತ್ರಿಸುವುದು ಗಾಳಿ ತಡೆದಲ್ಲ, ಇಂಧನದ ಪ್ರಮಾಣದಿಂದ. ಹಾಗಾಗಿ ಅಲ್ಲಿ ಲಾಭ ಮುಖ್ಯವಾಗಿ ಘರ್ಷಣೆಯದ್ದು.

ಆರ್‌ಪಿಎಂ ತೀರಾ ಇಳಿಸಿ ಭಾರ ಹೇರಿದರೆ ಎಂಜಿನ್ ನಡುಗುತ್ತದೆ, ನಾಕಿಂಗ್ (ಇಂಧನ ಅಕಾಲದಲ್ಲಿ ಉರಿದು ಬರುವ ಟಕಟಕ ಸದ್ದು) ಶುರುವಾಗಬಹುದು. ಏರುದಾರಿಯಲ್ಲಿ ಗೇರ್‌ಬಾಕ್ಸ್ ಮೇಲಿನ ಗೇರ್‌ಗೆ ಹೋಗುವುದು, ಸಾಲದೆ ಕೆಳಗಿಳಿಯುವುದು, ಮತ್ತೆ ಹೋಗುವುದು ಹೀಗೇ ಮಾಡುತ್ತಿದ್ದರೆ ಇಕೋ ಆಫ್ ಮಾಡಿಬಿಡಿ.

ಕೆಲವು ಕಾರುಗಳು ಇಕೋದಲ್ಲಿ ಎಸಿ ಕಂಪ್ರೆಸರ್‌ನ ಕೆಲಸವನ್ನೂ ತಗ್ಗಿಸುತ್ತವೆ. ಕ್ಯಾಬಿನ್ ತಂಪಾಗಲು ಹೆಚ್ಚು ಹೊತ್ತು ಹಿಡಿದರೆ ಅದು ದೋಷವಲ್ಲ.

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಈ ಬಟನ್‌ಗೆ ಹೆಚ್ಚು ಕೆಲಸವಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಗಂಟೆಗೆ 80 ಕಿ.ಮೀ.ನಿಂದ 100ಕ್ಕೆ ಹೋದರೆ ತಡೆ ಸುಮಾರು 56% ಹೆಚ್ಚು. ಅದನ್ನು ಯಾವ ಸಾಫ್ಟ್‌ವೇರೂ ಇಳಿಸಲಾರದು.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಹಳೆಯ ಅಭ್ಯಾಸವನ್ನು ಮಾತ್ರ ಬಿಡಬೇಕು. ಗೇರ್‌ನಲ್ಲೇ ಇದ್ದು ಪೆಡಲ್‌ನಿಂದ ಕಾಲು ತೆಗೆದರೆ ಇಸಿಯು ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಮುಚ್ಚುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ಆರ್‌ಪಿಎಂ ಐಡಲ್‌ನ (ಪೆಡಲ್ ಒತ್ತದೆ ನಿಂತಾಗಿನ ಸುತ್ತು) ಸಮೀಪಕ್ಕೆ ಇಳಿದಾಗಷ್ಟೇ ಇಂಧನ ಮತ್ತೆ ಹರಿಯುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ನಿಲ್ಲದಿರಲೆಂದು ಇಂಧನ ಸುಡುತ್ತಲೇ ಇರಬೇಕು, ಎಂಜಿನ್ ಬ್ರೇಕಿಂಗೂ ಸಿಗುವುದಿಲ್ಲ.