ಕಾಯಿಲೆಯ ಮಾತಿಗೆ ಬೆಳೆಗಾರನ ಉತ್ತರ: ಅಭಿವೃದ್ಧಿಶೀಲ ದೇಶಗಳಲ್ಲಿ ತಂಬಾಕು ಕಂಪನಿಗಳ ನಡೆ

ಧೂಮಪಾನದ ಚರಿತ್ರೆ ಎಂದೊಡನೆ ಪಠ್ಯಗಳಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಬ್ರಿಟನ್ ಮತ್ತು ಅಮೆರಿಕದ ಕಥೆ. 1950ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅಂಕಿಅಂಶಗಳ ಸಮೇತ ತೋರಿಸಿದರು. 1954ರ ಜನವರಿ 4ರಂದು ಅಮೆರಿಕದ ಕಂಪನಿಗಳು ಒಟ್ಟಾಗಿ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಹೇಳಿಕೆ ಕೊಟ್ಟು, ಸಂಶೋಧನೆ ಇನ್ನೂ ಖಚಿತವಾಗಿಲ್ಲ ಎಂದು ಓದುಗರನ್ನು ನಂಬಿಸಲು ಹೊರಟವು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ) ವರದಿ ಹೊರಬಂದ ಮೇಲೂ ಆ ಸಂದೇಹದ ಕೆಲಸ ದಶಕಗಳ ಕಾಲ ನಡೆಯಿತು. ಶಿವಮೊಗ್ಗದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಸಮಾಜಕಾರ್ಯ ಓದುತ್ತಿರುವ ನಾವು ಇಷ್ಟನ್ನು ಬಲ್ಲೆವು. ಇದೇ ಕಂಪನಿಗಳು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಲ್ಲಿ ಏನು ಮಾಡಿದವು ಎಂಬ ಭಾಗ ಮಾತ್ರ ತರಗತಿಯಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಈ ಟಿಪ್ಪಣಿಯನ್ನು ಬರೆದಿರುವುದು ಆ ಭಾಗದ ಸಲುವಾಗಿ.

ನಾನು ಓದಿಕೊಂಡಂತೆ ಮುಖ್ಯ ವ್ಯತ್ಯಾಸ ಹೀಗಿದೆ. ಶ್ರೀಮಂತ ದೇಶಗಳಲ್ಲಿ ಕಂಪನಿಗಳು ವಿಜ್ಞಾನದೊಂದಿಗೆ ವಾದಕ್ಕಿಳಿದವು. ನಮ್ಮಂಥ ದೇಶಗಳಲ್ಲಿ ವಿಜ್ಞಾನದ ತಂಟೆಗೆ ಅಷ್ಟಾಗಿ ಹೋಗದೆ ಮಾತಿನ ವಿಷಯವನ್ನೇ ಬದಲಿಸಿದವು. ಆರೋಗ್ಯದ ಪ್ರಶ್ನೆ ಎದ್ದಲ್ಲೆಲ್ಲ ರೈತನ ಅನ್ನ, ಸರ್ಕಾರದ ತೆರಿಗೆ, ದೇಶದ ಸ್ವಾಭಿಮಾನ ಎಂಬ ಮೂರು ಮಾತುಗಳನ್ನು ಮುಂದಿಟ್ಟವು. ಈ ಮೂರರಲ್ಲಿ ಮೊದಲನೆಯದೇ ಅತ್ಯಂತ ಬಲವಾದದ್ದು, ಮತ್ತು ಮಲೆನಾಡಿನವರಾದ ನಮಗೆ ಅತ್ಯಂತ ಹತ್ತಿರದ್ದು.

ದಾಖಲೆಗಳ ಮೂಲ

ಇದನ್ನೆಲ್ಲ ಊಹೆಯ ಮೇಲೆ ಹೇಳುತ್ತಿಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯ ಹೂಡಿದ ಮೊಕದ್ದಮೆ 1998ರಲ್ಲಿ ರಾಜಿಯಲ್ಲಿ ಮುಗಿದಾಗ ಕಂಪನಿಗಳ ಲಕ್ಷಾಂತರ ಪುಟಗಳ ಒಳಪತ್ರಗಳು ಬಯಲಿಗೆ ಬಂದವು. ಇಂದು ಅವು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನ್‌ಲೈನ್ ಸಂಗ್ರಹದಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ ತಜ್ಞರ ಸಮಿತಿಯೊಂದು ಈ ಪತ್ರಗಳನ್ನು ಪರಿಶೀಲಿಸಿ, ಸಂಸ್ಥೆಯ ತಂಬಾಕು ನಿಯಂತ್ರಣದ ಕೆಲಸವನ್ನು ಕಂಪನಿಗಳು ಒಳಗಿಂದಲೇ ಹೇಗೆ ದುರ್ಬಲಗೊಳಿಸಲು ಯತ್ನಿಸಿದವು ಎಂಬುದನ್ನು 2000ದಲ್ಲಿ ವರದಿ ಮಾಡಿತು. ಓದುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು: ಒಳಪತ್ರ ಕಂಪನಿಯ ಉದ್ದೇಶಕ್ಕೆ ಸಾಕ್ಷಿಯೇ ಹೊರತು ಆ ಉದ್ದೇಶ ಈಡೇರಿತು ಎಂಬುದಕ್ಕೆ ಸಾಕ್ಷಿಯಲ್ಲ. ಈಡೇರಿತೇ ಎಂದು ತಿಳಿಯಲು ಆಯಾ ದೇಶದ ಕಾನೂನು, ತೆರಿಗೆ ಮತ್ತು ಮಾರಾಟವನ್ನು ಬೇರೆಯಾಗಿ ನೋಡಬೇಕಾಗುತ್ತದೆ.

‘ನಿಮ್ಮಲ್ಲಿ ಬೇರೆ ಕಾಯಿಲೆಗಳಿವೆ’

ಜನ ಸೇದಲು ಆರಂಭಿಸಿದ ಕಾಲಕ್ಕೂ ಸಾವುಗಳು ಏರತೊಡಗುವ ಕಾಲಕ್ಕೂ ನಡುವೆ ಮೂರು ನಾಲ್ಕು ದಶಕಗಳ ಅಂತರವಿರುತ್ತದೆ. ಈ ಅಂತರ ಅರ್ಥವಾಗದಿದ್ದರೆ ಈ ವಿಷಯದಲ್ಲಿ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಸಿಗರೇಟು ಹಿಡಿದವನಿಗೆ ಕಾಯಿಲೆ ಕಾಣಿಸುವುದು ಬಹುಮಟ್ಟಿಗೆ ಐವತ್ತು ದಾಟಿದ ಮೇಲೆ. ಆದ್ದರಿಂದ ಮಾರಾಟ ಹೊಸದಾಗಿ ಏರುತ್ತಿರುವ ದೇಶದಲ್ಲಿ ಆಸ್ಪತ್ರೆಯ ಲೆಕ್ಕ ತೆಗೆದು ನೋಡಿದರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೇ ಕಾಣುತ್ತದೆ. ಮಲೇರಿಯಾ, ಕ್ಷಯ, ಮಕ್ಕಳ ಅಪೌಷ್ಟಿಕತೆ ಕಣ್ಣಿಗೆ ರಾಚುತ್ತಿರುವಾಗ ಸಿಗರೇಟಿನ ಚಿಂತೆ ಶ್ರೀಮಂತರದ್ದು, ಅದನ್ನು ಬಡ ದೇಶಗಳ ಮೇಲೆ ಹೇರಲಾಗುತ್ತಿದೆ ಎಂದು ಕಂಪನಿಗಳು ಮಂತ್ರಿಗಳ ಮುಂದೆ ಹೇಳಿದ್ದು ಈ ಅಂತರದ ಬಲದಿಂದಲೇ. ಬರಲಿರುವ ಸಾವುಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 1979ರಷ್ಟು ಹಿಂದೆಯೇ ಎಚ್ಚರಿಸಿತ್ತು.

ಈ ವಾದಕ್ಕೆ ಸರಿಯಾದ ಉತ್ತರ ದೊರೆತದ್ದು ನಮ್ಮ ಪಕ್ಕದ ತಮಿಳುನಾಡಿನಿಂದ ಎಂಬುದನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು. ಚೆನ್ನೈ ನಗರದಲ್ಲಿ ಮತ್ತು ವಿಲ್ಲುಪುರಂ ಜಿಲ್ಲೆಯ ಹಳ್ಳಿಗಳಲ್ಲಿ ಮೃತಪಟ್ಟ 43,000 ಗಂಡಸರ ಧೂಮಪಾನದ ವಿವರಗಳನ್ನು ಬದುಕಿರುವ 35,000 ಗಂಡಸರ ವಿವರಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಭಾರತದ ಗಂಡಸರಲ್ಲಿ ಕ್ಷಯದಿಂದಾಗುವ ಸಾವುಗಳ ಪೈಕಿ ಸುಮಾರು ಅರ್ಧದಷ್ಟಕ್ಕೆ ಧೂಮಪಾನ ಕಾರಣ ಎಂದು ಅದು ತೋರಿಸಿತು. ಅಂದರೆ ‘ಮೊದಲು ಕ್ಷಯ ನೋಡಿಕೊಳ್ಳಿ, ಸಿಗರೇಟು ಆಮೇಲೆ’ ಎಂಬ ಮಾತಿಗೆ ಆಧಾರವೇ ಇರಲಿಲ್ಲ. ಕ್ಷಯವನ್ನು ನೋಡಿಕೊಳ್ಳಬೇಕಾದರೂ ಬೀಡಿ ಸಿಗರೇಟುಗಳ ಬಗ್ಗೆ ಕೇಳಲೇಬೇಕು. ಆಶಾ ಕಾರ್ಯಕರ್ತೆಯರ ಜೊತೆ ಕ್ಷೇತ್ರಕಾರ್ಯಕ್ಕೆ ಹೋಗುವವರು ಕ್ಷಯ ರೋಗಿಯ ಮನೆಯಲ್ಲಿ ‘ಯಜಮಾನರು ಬೀಡಿ ಸೇದ್ತಾರಾ, ನೀವು ಒಲೆ ಮುಂದೆ ಎಷ್ಟು ಹೊತ್ತು ಕೂರ್ತೀರಾ’ ಎಂದು ಕೇಳಿ ಬರೆದುಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಈ ಅಧ್ಯಯನದ ಅರ್ಥ ಪುಸ್ತಕದಿಂದ ಆಗುವುದಕ್ಕಿಂತ ಬೇಗ ಆಗುತ್ತದೆ.

ತೆರಿಗೆ ಏರಿಸಿದರೆ ಬೊಕ್ಕಸಕ್ಕೆ ನಷ್ಟ ಎಂಬ ವಾದವನ್ನು ಚಿಕ್ಕದಾಗಿ ಮುಗಿಸಬಹುದು. ವಿಶ್ವ ಬ್ಯಾಂಕ್ 1999ರಲ್ಲಿ ಲೆಕ್ಕ ಹಾಕಿ ಹೇಳಿದ್ದೇನೆಂದರೆ, ಬೆಲೆ ಶೇ 10ರಷ್ಟು ಏರಿದರೆ ಬೇಡಿಕೆ ಶ್ರೀಮಂತ ದೇಶಗಳಲ್ಲಿ ಸುಮಾರು ಶೇ 4, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು ಶೇ 8 ಇಳಿಯುತ್ತದೆ. ಬೇಡಿಕೆಯ ಇಳಿಕೆ ಬೆಲೆಯ ಏರಿಕೆಗಿಂತ ಕಡಿಮೆಯಿರುವುದರಿಂದ ತೆರಿಗೆ ಹೆಚ್ಚಿಸಿದರೆ ಸೇದುವುದೂ ತಗ್ಗುತ್ತದೆ, ಬೊಕ್ಕಸಕ್ಕೂ ನಷ್ಟವಾಗುವುದಿಲ್ಲ.

ಬೆಳೆಗಾರನನ್ನು ಮುಂದೆ ನಿಲ್ಲಿಸಿದ ಬಗೆ

1977ರ ಜೂನ್‌ನಲ್ಲಿ ಇಂಗ್ಲೆಂಡಿನ ಬಾತ್ ನಗರದ ಹತ್ತಿರದ ಶಾಕರ್‌ವಿಕ್ ಹೌಸ್ ಎಂಬಲ್ಲಿ ಏಳು ದೊಡ್ಡ ಕಂಪನಿಗಳ ಮುಖ್ಯಸ್ಥರು ಗುಟ್ಟಾಗಿ ಸೇರಿದರು. ಆರೋಗ್ಯದ ವಿಷಯದಲ್ಲಿ ಯಾವ ದೇಶದಲ್ಲಿಯೂ ಯಾವ ಕಂಪನಿಯೂ ಒಬ್ಬಂಟಿಯಾಗಿ ಬಿಟ್ಟುಕೊಡಬಾರದು, ಎಲ್ಲರೂ ಒಂದೇ ನಿಲುವಿಗೆ ಕಟ್ಟುಬೀಳಬೇಕು ಎಂಬುದು ಅಲ್ಲಿನ ಒಪ್ಪಂದ. ಅದರಿಂದ ಹುಟ್ಟಿದ ಸಮಿತಿ ಮುಂದೆ ಇನ್ಫೋಟ್ಯಾಬ್ ಎಂಬ ಹೆಸರು ಪಡೆಯಿತು. 1984ರಲ್ಲಿ ಅಂತರರಾಷ್ಟ್ರೀಯ ತಂಬಾಕು ಬೆಳೆಗಾರರ ಸಂಘ ಸ್ಥಾಪನೆಯಾಯಿತು. ಆ ಸಂಘಕ್ಕೆ ಹಣ ಒದಗಿಸಿ, ಅದನ್ನು ತಮ್ಮ ಗುರಾಣಿಯಂತೆ ಬಳಸುವ ಆಲೋಚನೆ 1988ರ ಇನ್ಫೋಟ್ಯಾಬ್ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಬಹುರಾಷ್ಟ್ರೀಯ ಕಂಪನಿಗಳು ಮಾತನಾಡಿದರೆ ಬಡ ದೇಶಗಳ ಪ್ರತಿನಿಧಿಗಳು ಅನುಮಾನದಿಂದ ನೋಡುತ್ತಾರೆ. ಅದೇ ಮಾತನ್ನು ಬೆಳೆಗಾರರ ಸಂಘ ಆಡಿದರೆ, ಕಂಪನಿಗಳನ್ನು ಕಂಡರಾಗದ ದೇಶಗಳೂ ಕಿವಿಗೊಡುತ್ತವೆ ಎಂಬುದು ಅದರ ಸಾರಾಂಶ.

ಇಲ್ಲಿ ನಾವು ಆತುರದ ತೀರ್ಮಾನಕ್ಕೆ ಬರಬಾರದು. ಬೆಳೆಗಾರನ ಕಷ್ಟ ಕಂಪನಿಯವರು ಕಟ್ಟಿದ ಕಥೆಯಲ್ಲ. ಹುಣಸೂರು, ಪಿರಿಯಾಪಟ್ಟಣ, ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವವನು ಸಸಿ ಮಡಿಯಿಂದ ಹಿಡಿದು ಸೊಪ್ಪು ಹದಮಾಡುವ ಬ್ಯಾರನ್ನಿಗೆ ಸೌದೆ ಒಟ್ಟುವವರೆಗೆ ಸಾಲ ಮಾಡಿಯೇ ಸಾಗುತ್ತಾನೆ. ಹರಾಜಿನ ದಿನ ಅವನ ಸೊಪ್ಪಿನ ಮೂಟೆಗೆ ಬೀಳುವ ಬೆಲೆ ಕೊಳ್ಳುವ ಕೆಲವೇ ಕಂಪನಿಗಳ ಕೈಯಲ್ಲಿರುತ್ತದೆ. ನನ್ನ ಮಟ್ಟಿಗೆ ಈ ಅಧ್ಯಯನದಲ್ಲಿ ಎಲ್ಲಕ್ಕಿಂತ ನೋವಿನ ಸಂಗತಿ ಇದೇ: ಸೊಪ್ಪಿನ ಬೆಲೆ ತಗ್ಗಿಸುವಾಗ ರೈತನ ಎದುರು ಕೂರುವ ಕಂಪನಿ, ಆರೋಗ್ಯ ಸಚಿವರ ಮುಂದೆ ಹೋಗುವಾಗ ಅದೇ ರೈತನ ಹೆಸರು ಹೇಳುತ್ತದೆ.

ಮಾರುಕಟ್ಟೆ ತೆರೆಸುವ ದಾರಿ ಇನ್ನೊಂದಿತ್ತು. 1980ರ ದಶಕದಲ್ಲಿ ಅಮೆರಿಕ ಸರ್ಕಾರ ಪ್ರತೀಕಾರದ ನಿರ್ಬಂಧ ಹೇರಲು ಅವಕಾಶ ಕೊಡುವ ತನ್ನ ವ್ಯಾಪಾರ ಕಾಯ್ದೆಯ 301ನೇ ಕಲಮಿನ ಬೆದರಿಕೆ ಒಡ್ಡಿ ಜಪಾನ್, ತೈವಾನ್, ದಕ್ಷಿಣ ಕೊರಿಯಾಗಳ ಬಾಗಿಲನ್ನು ಅಮೆರಿಕದ ಸಿಗರೇಟುಗಳಿಗೆ ತೆರೆಸಿತು. ಥಾಯ್ಲೆಂಡ್ ಬಗ್ಗದೆ ನಿಂತಾಗ ವಿವಾದ ಗ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ವ್ಯವಸ್ಥೆಯ ಮುಂದೆ ಹೋಯಿತು. 1990ರ ತೀರ್ಪಿನಂತೆ ಥಾಯ್ಲೆಂಡ್ ವಿದೇಶಿ ಸಿಗರೇಟುಗಳನ್ನು ಒಳಗೆ ಬಿಡಲೇಬೇಕಾಯಿತು, ಆದರೆ ದೇಶಿ ವಿದೇಶಿ ಎಂಬ ಭೇದವಿಲ್ಲದೆ ಜಾಹೀರಾತು ನಿಷೇಧಿಸುವ ಅಧಿಕಾರ ಅದಕ್ಕೆ ಉಳಿಯಿತು. ಸಣ್ಣ ದೇಶವೊಂದನ್ನು ವ್ಯಾಜ್ಯದಲ್ಲಿ ದಣಿಸುವ ಪ್ರಯತ್ನ ಆಮೇಲೂ ನಿಲ್ಲಲಿಲ್ಲ. ಪೊಟ್ಟಣದ ಶೇ 80ರಷ್ಟು ಭಾಗವನ್ನು ಎಚ್ಚರಿಕೆಗೆ ಮೀಸಲಿಟ್ಟ ಉರುಗ್ವೆಯ ವಿರುದ್ಧ ಫಿಲಿಪ್ ಮೋರಿಸ್ 2010ರಲ್ಲಿ ಹೂಡಿದ ದಾವೆ ವಜಾ ಆದದ್ದು 2016ರ ಜುಲೈನಲ್ಲಿ.

ನಮ್ಮ ದೇಶ, ನಮ್ಮ ಜಿಲ್ಲೆ

ಭಾರತದಲ್ಲಿ 1975ರ ಸಿಗರೇಟು ಕಾಯ್ದೆ ಪೊಟ್ಟಣದ ಮೇಲೆ ಒಂದು ಸಾಲಿನ ಎಚ್ಚರಿಕೆಯನ್ನಷ್ಟೇ ಕೇಳಿತ್ತು. 2003ರ ಕೋಟ್ಪಾ (ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ) ಕಾಯ್ದೆ ಬೀಡಿ, ಗುಟ್ಕಾ, ಜಗಿಯುವ ತಂಬಾಕುಗಳನ್ನೂ ಒಳಗೆ ತಂದಿತು. ಶೇ 85ರಷ್ಟು ಭಾಗದಲ್ಲಿ ಚಿತ್ರ ಸಹಿತ ಎಚ್ಚರಿಕೆ ಇರಬೇಕೆಂಬ ನಿಯಮ 2014ರಲ್ಲಿ ಪ್ರಕಟವಾದರೂ ಮುಂದೂಡಿಕೆಯಾಗಿ 2016ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಡುವೆ ಸಂಸದೀಯ ಸಮಿತಿಯೊಂದು ಶೇ 50 ಸಾಕು ಎಂದು ಶಿಫಾರಸು ಮಾಡಿತು, ಅಲ್ಲಿಯೂ ಬೀಡಿ ಕಾರ್ಮಿಕರ ಮತ್ತು ರೈತರ ಜೀವನೋಪಾಯದ ವಾದ ಕೇಳಿಬಂತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಶೇ 85ರ ನಿಯಮವನ್ನು ರದ್ದುಪಡಿಸಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಸಾವಿರ ಬೀಡಿ ಕಟ್ಟಿದರೆ ಇಷ್ಟು ಎಂಬ ಲೆಕ್ಕದಲ್ಲಿ ಮನೆಯಲ್ಲಿ ಕೂತು ದುಡಿಯುವ ಹೆಂಗಸಿನ ಕೂಲಿ ಪೊಟ್ಟಣದ ಚಿತ್ರ ದೊಡ್ಡದಾದದ್ದರಿಂದ ಕುಸಿದುಬೀಳುವುದಾದರೆ, ಆ ಕೂಲಿಯನ್ನು ಇಷ್ಟು ವರ್ಷ ಏಕೆ ಏರಿಸಲಿಲ್ಲ ಎಂದು ಕೇಳಲು ನಮಗೆ ಹಕ್ಕಿದೆ.

2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇ 28.6ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ; ಹೊಗೆರಹಿತ ತಂಬಾಕು ಬಳಸುವವರು ಶೇ 21.4, ಸೇದುವವರು ಶೇ 10.7. ಹೀಗಾಗಿ ಸಿಗರೇಟು ಕಂಪನಿಗಳ ಚರಿತ್ರೆಯನ್ನಷ್ಟೇ ಓದಿದರೆ ಮಲೆನಾಡಿನ ಚಿತ್ರ ಪೂರ್ತಿಯಾಗದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅದರ ಬೆನ್ನಿಗೇ ತಯಾರಕರು ತಂಬಾಕಿಲ್ಲದ ಪಾನ್ ಮಸಾಲವನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದು ಪುಟ್ಟ ಪೊಟ್ಟಣದಲ್ಲಿ ಮಾರಲು ಶುರುಮಾಡಿದರು. ಬಸ್ ನಿಲ್ದಾಣದ ಗೂಡಂಗಡಿಯಲ್ಲಿ ಗಿರಾಕಿ ಮಾತೇ ಆಡದೆ ಹಣ ಚಾಚುತ್ತಾನೆ, ಅಂಗಡಿಯವನು ಎರಡು ಸರಗಳಿಂದ ಒಂದೊಂದು ಪೊಟ್ಟಣ ಹರಿದು ಕೊಡುತ್ತಾನೆ. ಗಿರಾಕಿ ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಕಾರ್ಖಾನೆಯಲ್ಲಿ ಆಗುತ್ತಿದ್ದ ಮಿಶ್ರಣ ಬಳಸುವವನ ಕೈಯಲ್ಲೇ ಆಗುತ್ತದೆ, ಕಾಗದದ ಮೇಲೆ ಕಾನೂನು ಪಾಲನೆಯೂ ಆಗುತ್ತದೆ.

ಆ ಮೊದಲ ಪೊಟ್ಟಣದಲ್ಲಿರುವುದು ಅಡಿಕೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಎಷ್ಟೋ ಮನೆಗಳ ಮಕ್ಕಳ ಫೀಸು, ಮದುವೆ, ಆಸ್ಪತ್ರೆ ಖರ್ಚು ಎಲ್ಲವೂ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆಯನ್ನು ನೆಚ್ಚಿಕೊಂಡಿವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಗುಟ್ಕಾ ನಿಷೇಧದ ಸುದ್ದಿ ಬಂದಾಗಲೆಲ್ಲ ಬೆಳೆಗಾರರ ಸಭೆಗಳಲ್ಲಿ ಕೇಳಿಬರುವ ಆತಂಕ ನಿಜವಾದದ್ದು. ಕೊಳೆರೋಗ, ಹಳದಿ ಎಲೆ ರೋಗ, ಈಚಿನ ಎಲೆಚುಕ್ಕಿ ರೋಗಗಳ ನಡುವೆ ತೋಟ ಉಳಿಸಿಕೊಂಡವರಿಗೆ ಅದು ಅತಿಯಾದ ಆತಂಕವೂ ಅಲ್ಲ. ಆದರೆ ಆ ಆತಂಕಕ್ಕೆ ಉತ್ತರ ಹೇಳಬೇಕಾದವರು ಪೊಟ್ಟಣ ತುಂಬಿ ಮಾರುವವರಲ್ಲ. ಅವರ ಲಾಭವೂ ತೋಟದವರ ಬದುಕೂ ಒಂದೇ ಎಂದು ನಾವು ನಮ್ಮ ಉತ್ತರಪತ್ರಿಕೆಯಲ್ಲಿಯೂ ಬರೆಯಬಾರದು, ಊರಿನಲ್ಲಿಯೂ ಹೇಳಬಾರದು.

2005ರ ಫೆಬ್ರವರಿ 27ರಂದು ಜಾರಿಗೆ ಬಂದ, ಭಾರತವೂ ಒಪ್ಪಿರುವ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆ ಉದ್ಯಮವನ್ನೂ ಬೆಳೆಗಾರರನ್ನೂ ಬೇರೆ ಬೇರೆ ವಿಧಿಗಳಲ್ಲಿ ಇಟ್ಟಿದೆ. 5.3ನೇ ವಿಧಿ ಆರೋಗ್ಯ ನೀತಿಯನ್ನು ಉದ್ಯಮದ ಹಿತಾಸಕ್ತಿಗಳಿಂದ ಕಾಪಾಡಬೇಕು ಎನ್ನುತ್ತದೆ. 17ನೇ ವಿಧಿ ಬೆಳೆಗಾರರು, ಕಾರ್ಮಿಕರು ಮತ್ತು ಬಿಡಿ ಮಾರಾಟಗಾರರಿಗೆ ಬೇರೆ ಜೀವನೋಪಾಯ ಕಟ್ಟಿಕೊಳ್ಳಲು ನೆರವಾಗಬೇಕು ಎನ್ನುತ್ತದೆ. ಅಡಿಕೆ ತಂಬಾಕಲ್ಲವಾದ್ದರಿಂದ ಅಡಿಕೆ ಬೆಳೆಗಾರನಿಗೆ ಈ 17ನೇ ವಿಧಿಯ ಆಸರೆ ಸಿಗುವುದಿಲ್ಲ. ತೋಟದೊಳಗೆ ಕಾಳುಮೆಣಸು, ಕಾಫಿ, ಏಲಕ್ಕಿ, ಜಾಯಿಕಾಯಿಗಳನ್ನು ಮಿಶ್ರವಾಗಿ ಬೆಳೆಯುವವರು ಮಲೆನಾಡಿನಲ್ಲಿ ಈಗಾಗಲೇ ಇದ್ದಾರೆ. ಆ ದಾರಿಗೆ ಸರ್ಕಾರದ ಹಣ ಮತ್ತು ಸಹಕಾರ ಸಂಘಗಳ ಬೆಂಬಲ ಎಷ್ಟು ದೊರೆಯಬೇಕು ಎಂಬುದನ್ನು ತೋಟಗಾರಿಕೆ ಇಲಾಖೆಯ ಕಡತದಲ್ಲಷ್ಟೇ ಬಿಡದೆ ಆರೋಗ್ಯ ಇಲಾಖೆಯ ಮೇಜಿಗೂ ತರಬೇಕು ಎಂಬುದು ನನ್ನ ಅಭಿಪ್ರಾಯ.